ಬೆಂಕಿಪೊಟ್ಟಣ ಅಳೆದ ಮಳೆ

ಕಳೆದ ವರ್ಷ ಕಕ್ಕಡ (ಕೊಡವರ ಆಟಿ) ತಿಂಗಳಲ್ಲಿ ಒಂದು ಬೆಳಗ್ಗೆ ಅಪ್ಪ ಮೊದಲ ಸಲ ಕೇಳಿದರು, "ನಿನ್ನ ಬೆಂಕಿಪೊಟ್ಟಣ ಇವತ್ತು ಎಷ್ಟು ಹೇಳ್ತದೆ?" ಬೆಂಕಿಪೊಟ್ಟಣ ಅಂದರೆ ಮಳೆ ಅಳೆಯಲು ನಾನು ಇಟ್ಟಿರುವ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರು. ಈ ಒಂದು ಪ್ರಶ್ನೆ ಕೇಳಿಸಿಕೊಳ್ಳಲು ನನಗೆ ಆರು ಮಳೆಗಾಲ, ನಾಲ್ಕು ಪೈ ಬೋರ್ಡು, ಲೆಕ್ಕ ತಪ್ಪಿದಷ್ಟು ಮೆಮೊರಿ ಕಾರ್ಡು ಖರ್ಚಾಗಿದೆ. ಮಾತಿನಲ್ಲಿ ಸ್ವಲ್ಪ ಜಂಬ ಕಂಡರೆ ಸಹಿಸಿಕೊಳ್ಳಿ.

ನಮ್ಮದು ನಾಪೋಕ್ಲು ಕಡೆ ರೊಬಸ್ಟಾ ಕಾಫಿ ತೋಟ. ಮಳೆ ಅಳೆಯದ ತೋಟದ ಮನೆ ಕೊಡಗಿನಲ್ಲಿ ಕಡಿಮೆ. ಬೆಳಗ್ಗೆ ಎಂಟಕ್ಕೆ ನೀರನ್ನು ಗ್ಲಾಸಿಗೆ ಸುರಿದು, ಇಂಚು-ಸೆಂಟಿನಲ್ಲಿ (ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟು) ಡೈರಿಗೆ ಬರೆದು, ಆಮೇಲೆ ಫೋನಿನಲ್ಲಿ "ನಿಮಗೆಷ್ಟು ಬಿತ್ತು?" ಅಂತ ಕೇಳಿದರೇ ದಿನ ಶುರು. ಅಪ್ಪನ ಗ್ಲಾಸು ಸುಳ್ಳು ಹೇಳುವುದಿಲ್ಲ. ಆದರೆ ಮಳೆ ಯಾವಾಗ ಬಿತ್ತು, ಎಷ್ಟು ಹೊತ್ತು ಬಿತ್ತು ಅನ್ನುವುದು ಅದಕ್ಕೆ ಗೊತ್ತಿಲ್ಲ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆಯ ಸಮಯದಲ್ಲಿ ನನಗೆ ಬೇಕಿದ್ದದ್ದು ಅದೇ. ಮಾರ್ಚ್ ರಾತ್ರಿ ಬಂದ ಮಳೆ 60 ಸೆಂಟಿಗೆ ನಿಂತರೆ ಹೂವಿಗೆ ಸಾಲದು, ಸ್ಪ್ರಿಂಕ್ಲರ್ ಹಾಕಿ ತುಂಬಿಸಬೇಕು. ರಾತ್ರಿಯೇ ಗೊತ್ತಾದರೆ ಪೈಪ್ ಎಳೆಯುವವರಿಗೆ ಬೆಳಗಾಗುವ ಮುಂಚೆ ಹೇಳಬಹುದು, ಅಲ್ವಾ?

2018ರ ಜನವರಿಯಲ್ಲಿ ಬೆಂಗಳೂರಿಗೆ ಹೋದವನು ಪೈಗಳಲ್ಲೇ ಚಿಕ್ಕದಾದ, ವೈಫೈ ಇರುವ ಪೈ ಝೀರೋ ಡಬ್ಲ್ಯೂ ಒಂದನ್ನು ತಂದೆ. ಬೋರ್ಡಿಗೆ ಸಾವಿರ ಚಿಲ್ಲರೆ ಕೊಟ್ಟ ನೆನಪು. ಕಾರ್ಡು, ಅಡಾಪ್ಟರು, ವೈರು ಸೇರಿ ಎರಡು ಸಾವಿರ ದಾಟಿತು. "ಇಎಸ್‌ಪಿ ಸಾಕಿತ್ತಲ್ಲ" ಅನ್ನುವವರು ಇದ್ದೇ ಇರುತ್ತಾರೆ; ಅದು ಇನ್ನೂ ಅಗ್ಗದ, ಸಾದಾ ಚಿಪ್ಪಿನ ಬೋರ್ಡು. ಸಾಕಿತ್ತು, ಒಪ್ಪುತ್ತೇನೆ. ನನಗೆ ಪೈಯನ್ನು ಓಡಿಸುವ ಲಿನಕ್ಸ್ ಕೈಗೆ ಹತ್ತಿದೆ. ಮಳೆ ಸುರಿಯುವಾಗ ಮಂಚದ ಮೇಲೆ ಕೂತು ಎಸ್‌ಎಸ್‌ಎಚ್‌ನಲ್ಲಿ (ದೂರದಿಂದಲೇ ಪೈಯನ್ನು ನಡೆಸುವ ದಾರಿ) ಒಳಗೆ ಹೋಗಿ ಕೋಡ್ ತಿದ್ದುವ ಸುಖ ಬಿಡಲಾರೆ.

ಮಾಪಕವನ್ನು ನಾನೇ ಮಾಡಿದೆ. ನೀರು ಹಿಡಿಯುವ ಆಲಿಕೆಯ ಬಾಯಿ 20 ಸೆಂಟಿಮೀಟರ್ ಅಗಲ. ಅದರ ಕೆಳಗೆ ತಕ್ಕಡಿಯಂತೆ ಆ ಕಡೆ ಈ ಕಡೆ ಮಗುಚುವ ಎರಡು ಗುಣಿ, ಒಂದು ಮ್ಯಾಗ್ನೆಟ್, ಮಗುಚಿದಾಗಲೆಲ್ಲ ಆ ಮ್ಯಾಗ್ನೆಟ್ಟಿಗೆ ಮುಚ್ಚಿಕೊಂಡು ಪೈಗೆ ತಿಳಿಸುವ ಒಂದು ರೀಡ್ ಸ್ವಿಚ್. ಈ ಅಳತೆಯ ಬಾಯಿಗೆ ಒಂದು ಸೆಂಟು ಮಳೆ ಅಂದರೆ ಸುಮಾರು 8 ಮಿಲಿಲೀಟರ್ ನೀರು. ಸ್ಕ್ರೂ ತಿರುಗಿಸಿ ಗುಣಿ 8ಕ್ಕೇ ಮಗುಚುವಂತೆ ಕೂರಿಸಿದರೆ ಒಂದು ಮಗುಚಿಗೆ ಒಂದು ಸೆಂಟು. ಒಂದು ಲೀಟರ್ ನೀರನ್ನು ನಿಧಾನವಾಗಿ ತೊಟ್ಟಿಕ್ಕಿಸಿ, 125 ಸಲ ಮಗುಚಿದರೆ ಸರಿ. ನನ್ನದು ಮೊದಲು 140 ಹೇಳುತ್ತಿತ್ತು. ಎರಡು ಭಾನುವಾರ ಅಡುಗೆಮನೆಯ ಸಿಂಕಿನಲ್ಲೇ ಕಳೆದೆ. ಮನೆಯವಳು ಮಾತು ಬಿಟ್ಟಿದ್ದಳು.

ಹೊರಗೆ ಇಟ್ಟ ಮೊದಲ ದಿನ ಪೈ ಹೇಳಿದ್ದು ಹನ್ನೊಂದು ಇಂಚು. ಅಪ್ಪನ ಗ್ಲಾಸಿನಲ್ಲಿ ಮೂರೂವರೆ. ರೀಡ್ ಸ್ವಿಚ್ ಒಂದು ಸಲ ಮುಚ್ಚುವಾಗ ಮೂರು ಸಲ ನಡುಗುತ್ತದೆ, ಪೈ ಮೂರನ್ನೂ ಎಣಿಸುತ್ತದೆ. ಕೋಡಿನಲ್ಲಿ ಕಾಲು ಸೆಕೆಂಡು ಕಿವಿ ಮುಚ್ಚಿಸಿದ ಮೇಲೆ ಸರಿಯಾಯಿತು. ಪಕ್ಕದ ತೋಟದ ಅಣ್ಣ ಮಾತ್ರ ಇವತ್ತಿಗೂ ನನ್ನನ್ನು ಕಂಡರೆ "ಏನು ಮಾರಾಯ, ಇವತ್ತು ಹನ್ನೊಂದಾ?" ಅನ್ನುತ್ತಾರೆ.

ಆ ವರ್ಷವೇ ಆಗಸ್ಟಿನಲ್ಲಿ ಜಿಲ್ಲೆಯಲ್ಲಿ ಗುಡ್ಡಗಳು ಜರಿದದ್ದು. ಆ ವಾರದ ಮಳೆಯ ಗಂಟೆಗಂಟೆಯ ಲೆಕ್ಕ ನನ್ನ ಹತ್ತಿರ ಇರಬೇಕಿತ್ತು. ಇಲ್ಲ. ಕರೆಂಟ್ ಹೋಗಿ ಬಂದು, ಹೋಗಿ ಬಂದು, ಕಾರ್ಡು ಸತ್ತು ಕೂತಿತ್ತು. ಅಪ್ಪ ಕೊಡೆ ಹಿಡಿದು ಹೋಗಿ ಅಳೆದು ಬರೆದ ಡೈರಿ ಮಾತ್ರ ಉಳಿದಿದೆ. ಈಗಲೂ ಆ ಪುಟ ತೆಗೆದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಾರ್ಡಿನ ಕಾಟ ಮೂರು ವರ್ಷ ನಡೆಯಿತು. ಒಳ್ಳೆಯ ಕಂಪನಿಯದು ಅಂತ ತರಿಸಿದ ಎರಡು ಕಾರ್ಡು ಬರೀ ನಕಲಿ. 32 ಜಿಬಿ ಅಂತ ಬರೆದಿತ್ತು, ಒಳಗೆ ಅದರ ಕಾಲು ಭಾಗವೂ ಇರಲಿಲ್ಲ. ಕೊನೆಗೆ ಪೈಯ ಸೆಟ್ಟಿಂಗ್ ಮೆನುವಿನಲ್ಲಿ ದಾರಿ ಸಿಕ್ಕಿತು. ರಾಸ್ಪಿ-ಕಾನ್ಫಿಗ್‌ನಲ್ಲಿ ಓವರ್‌ಲೇ ಹಾಕಿ ಕಾರ್ಡಿಗೆ ಏನೂ ಬರೆಯದಂತೆ ಮಾಡಿದೆ. ಮಳೆಯ ಲೆಕ್ಕ ಮಾತ್ರ ಹದಿನೈದು ನಿಮಿಷಕ್ಕೊಮ್ಮೆ ಪೆನ್‌ಡ್ರೈವ್‌ಗೆ ಹೋಗುತ್ತದೆ. ಆಮೇಲೆ ಒಂದು ಕಾರ್ಡೂ ಸತ್ತಿಲ್ಲ.

ಗಡಿಯಾರದ್ದು ಬೇರೆಯೇ ತಮಾಷೆ. ಪೈ ಝೀರೋದಲ್ಲಿ ಕರೆಂಟ್ ಹೋದರೂ ಓಡುವ ಗಡಿಯಾರ ಇಲ್ಲ, ಸಮಯವನ್ನು ನೆಟ್ಟಿನಿಂದ ಕೇಳಿಕೊಳ್ಳುತ್ತದೆ. ಮೂರು ದಿನ ಕರೆಂಟ್ ಇಲ್ಲದೆ, ನೆಟ್ಟೂ ಇಲ್ಲದೆ ಎದ್ದರೆ ಅದು ಹಳೆಯ ದಿನದಲ್ಲೇ ಇರುತ್ತದೆ. ಶನಿವಾರದ ಮಳೆಯನ್ನು ಬುಧವಾರಕ್ಕೆ ಬರೆದುಬಿಟ್ಟಿತ್ತು. ಡಿಎಸ್ 3231 ಅನ್ನುವ, ಬಟನ್ ಸೆಲ್ಲಿನಲ್ಲಿ ಓಡುವ ಗಡಿಯಾರದ ಬೋರ್ಡು ಹಾಕಿದೆ, ಆಗ ಇನ್ನೂರರ ಒಳಗಿನ ಸಾಮಾನು. ಆ ನೀಲಿ ಬೋರ್ಡಿಗೆ ಚಾರ್ಜ್ ಆಗದ ಸಾದಾ ಬಟನ್ ಸೆಲ್ ಹಾಕುವುದಾದರೆ ಚಾರ್ಜಿಂಗ್ ದಾರಿಯ ರೆಸಿಸ್ಟರ್ ಕಿತ್ತುಹಾಕಿ. ನಾನು ಕೀಳದೆ ಒಂದು ಸೆಲ್ ಊದಿಕೊಂಡಿತ್ತು.

ಸಿಡಿಲಿಗೆ ಹೋದದ್ದು ಎರಡನೆಯ ಬೋರ್ಡು. ಕಣದ ಪಕ್ಕದ ಮಾಪಕದಿಂದ ಮನೆಯೊಳಗಿನ ಪೈಗೆ ನಲವತ್ತು ಮೀಟರ್ ವೈರ್ ಎಳೆದಿದ್ದೆ. ಏಪ್ರಿಲ್‌ನಲ್ಲಿ ಹತ್ತಿರದ ಸಿಲ್ವರ್ ಓಕ್ ಮರಕ್ಕೆ ಸಿಡಿಲು ಬಡಿಯಿತು. ಪೈ, ರೂಟರ್, ಟಿವಿಯ ಡಬ್ಬ, ಮೂರೂ ಒಟ್ಟಿಗೆ ಹೋದವು. ನಾಲ್ಕೈದು ಸಾವಿರದ ಪೆಟ್ಟು. "ನಿನ್ನ ವೈರ್ ಹಿಡಿದೇ ಬಂತು" ಅಂತ ಅಪ್ಪ. ನಿಜವೇ. ಈಗ ಪೈ ಮೋಟರ್ ಶೆಡ್ಡಿನ ಮಾಡಿನ ಕೆಳಗಿದೆ, ಮಾಪಕಕ್ಕೆ ಮೂರು ಮೀಟರ್ ವೈರ್ ಅಷ್ಟೇ. ಮನೆಗೆ ವೈಫೈ. ರೂಟರನ್ನು ಕಿಟಕಿಗೆ ತಂದ ಮೇಲೆ ಸಿಗ್ನಲ್ ಹೇಗೋ ಮುಟ್ಟುತ್ತದೆ.

ಮೂರನೆಯದನ್ನು ಕೊಂದವನು ನಾನೇ. 5 ವೋಲ್ಟ್ ತಂತಿಯನ್ನು, ಅಷ್ಟು ತಾಳದ ಜಿಪಿಐಒ ಪಿನ್ನಿಗೆ (ಸ್ವಿಚ್ಚು ಸೆನ್ಸರು ಜೋಡಿಸುವ ಕಡ್ಡಿ) ಮುಟ್ಟಿಸಿದೆ. ಅದರ ಮೇಲೆ 2021-22ರಲ್ಲಿ ಹೊಸದು ಸಿಗಲೇ ಇಲ್ಲ. ಸಿಕ್ಕರೂ ಎರಡು ಮೂರು ಪಟ್ಟು ರೇಟು. ಒಂದು ಮಳೆಗಾಲ ಸುಮ್ನೆ ಕೂತೆ.

ಇನ್ನು ಪವರ್. ಸೋಲಾರ್ ಹಾಕು ಅಂತ ಹೇಳಿದವರೆಲ್ಲ ಬಯಲುಸೀಮೆಯವರು. ಜುಲೈಯಲ್ಲಿ ಇಲ್ಲಿ ಬಿಸಿಲು ಎಲ್ಲಿದೆ? ಮನೆಯ ಇನ್ವರ್ಟರ್ ಎರಡನೆಯ ದಿನಕ್ಕೇ ಮಲಗುತ್ತದೆ. ಜೀಪ್ ಸ್ಟಾರ್ಟ್ ಮಾಡಲು ಆಗದೆ ಮೂಲೆಗೆ ಬಿದ್ದಿದ್ದ ಹಳೆಯ ಬ್ಯಾಟರಿ ಇತ್ತು. ಅದಕ್ಕೆ ವೋಲ್ಟೇಜ್ ಇಳಿಸುವ ನೂರೈವತ್ತು ರೂಪಾಯಿಯ ಬಕ್ ಕನ್ವರ್ಟರ್ ಹಾಕಿ ಪೈಗೆ ಕೊಟ್ಟೆ. ಜೀಪಿಗೆ ಸತ್ತ ಬ್ಯಾಟರಿ ಪೈಗೆ ಆನೆಬಲ. ಈ ಬೋರ್ಡು ಕುಡಿಯುವುದು ಮುಕ್ಕಾಲು ವ್ಯಾಟ್ ಹತ್ತಿರ. ಕರೆಂಟ್ ಇಲ್ಲದೆ ಒಂಬತ್ತು ದಿನ ಓಡಿದ್ದನ್ನು ನೋಡಿದ್ದೇನೆ. ಕರೆಂಟ್ ಬಂದಾಗ ಚಾರ್ಜರ್ ತಾನೇ ತುಂಬಿಸುತ್ತದೆ.

ಶೀತಕ್ಕೆ ಸಿಲಿಕಾ ಜೆಲ್ ಇಟ್ಟೆ. ಬೀರುವಿನ ಬೆಲ್ಟಿಗೂ ಬೂಸು ಹಿಡಿಯುವ ಊರಿನಲ್ಲಿ ಅದು ಒಂದು ವಾರಕ್ಕೆ ಸೋತಿತು. ಡಬ್ಬವನ್ನು ಗಟ್ಟಿಯಾಗಿ ಮುಚ್ಚಿದಷ್ಟೂ ಒಳಗೆ ಬೆವರುತ್ತದೆ. ತಳದಲ್ಲಿ ಎರಡು ತೂತು ಕೊರೆದು, ಸೋಲ್ಡರ್ ಮಾಡಿದ ಜಾಗಕ್ಕೆಲ್ಲ ಮನೆಯವಳ ನೇಲ್ ಪಾಲಿಶ್ ಬಳಿದೆ. ತೂತಿಗೆ ಸೊಳ್ಳೆ ಪರದೆ ಅಂಟಿಸಿ, ಇಲ್ಲದಿದ್ದರೆ ಇರುವೆ ಮನೆ ಮಾಡುತ್ತದೆ. ಸಿಲ್ವರ್ ಎಲೆ ಆಲಿಕೆಗೆ ಬೀಳದಂತೆ ಏನು ಮಾಡಿದ್ದೇನೆ, ಗುಣಿಯಲ್ಲಿ ಹನಿ ಅಂಟದಂತೆ ಏನು ಸವರುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎರಡೂ ಅಡುಗೆಮನೆಯ ಸಾಮಾನೇ.

ಶೆಡ್ಡಿನಲ್ಲಿ ಮೋಟರ್ ಕಣ್ಣ ಮುಂದೆಯೇ ಇತ್ತಲ್ಲ, ಆಸೆ ಬಿಡಲಿಲ್ಲ. ರಿಲೇ (ಪೈ ಒತ್ತಬಲ್ಲ ಸ್ವಿಚ್ಚು) ಹಾಕಿ ಫೋನಿನಿಂದ ಮೋಟರ್ ಓಡಿಸಿದೆ. ಒಂದು ರಾತ್ರಿ ಪೈ ರೀಬೂಟ್ ಆಗಿ ಎರಡು ಗಂಟೆಗೆ ಮೋಟರ್ ತಾನಾಗಿ ಶುರುವಾಯಿತು. ಆ ಅಗ್ಗದ ರಿಲೇ ಬೋರ್ಡುಗಳಿಗೆ ಪಿನ್ನಿನ ವೋಲ್ಟೇಜ್ ಕೆಳಗಿಳಿದರೆ ಆನ್, ಬೂಟ್ ಆಗುವಾಗ ಪಿನ್ ಎಲ್ಲಿರುತ್ತದೋ ಯಾರಿಗೆ ಗೊತ್ತು. ಬೆಳಗ್ಗೆಯೇ ಕಿತ್ತುಹಾಕಿದೆ. ಹಲಸಿನ ಮರದ ಬಳಿ ಆನೆ ನೋಡಲು ಕ್ಯಾಮೆರಾ ಇಟ್ಟದ್ದೂ ಹೀಗೇ. ನಾಲ್ಕು ಸಾವಿರ ಫೋಟೋದಲ್ಲಿ ಅಲ್ಲಾಡುವ ಎಲೆ, ಹನ್ನೆರಡರಲ್ಲಿ ನಮ್ಮ ನಾಯಿ. ಆನೆ ಬಂದ ರಾತ್ರಿಯ ಗುರುತು, ಮುರಿದು ಬಿದ್ದ ಕಂಬ.

ಈಗಿನದು ನಾಲ್ಕನೆಯ ಬೋರ್ಡು. ಹೂಮಳೆಯಿಂದ ತುಲಾ ಸಂಕ್ರಮಣದ ತನಕ ಒಂದು ದಿನವೂ ತಪ್ಪದೆ ಎಣಿಸಿದೆ. ಮಾಮೂಲಿ ಮಳೆಗೆ ಅಪ್ಪನ ಗ್ಲಾಸಿಗೂ ಇದಕ್ಕೂ ಎರಡು ಮೂರು ಸೆಂಟಿನ ವ್ಯತ್ಯಾಸ. ಧಾರಾಕಾರ ಸುರಿದರೆ ಮಾತ್ರ ಪೈ ಕಡಿಮೆ ಹೇಳುತ್ತದೆ, ಗುಣಿ ಮಗುಚುವಷ್ಟರಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗದು. ಅದಕ್ಕೆ ಮಳೆಯ ಬಿರುಸು ನೋಡಿ ಸ್ವಲ್ಪ ಸೇರಿಸುವ ಒಂದು ಪಟ್ಟಿ ಮಾಡಿದ್ದೇನೆ. ಎರಡು ವರ್ಷ ಗ್ಲಾಸಿನ ಜೊತೆ ತಾಳೆ ನೋಡಿ ಮಾಡಿದ ಪಟ್ಟಿ, ಪುಕ್ಕಟೆ ಕೊಡಲು ಮನಸ್ಸಿಲ್ಲ.

ಒಟ್ಟು ಖರ್ಚು ಹದಿನೆಂಟು ಸಾವಿರದ ಆಸುಪಾಸು. ಈಗ ಹೊಸದಾಗಿ ಮಾಡಿದರೆ, ಮನೆಯಲ್ಲಿ ಹಳೆಯ ಬ್ಯಾಟರಿ ಇದ್ದರೆ, ನಾಲ್ಕು ಸಾವಿರ ಸಾಕು. "ಹನ್ನೊಂದಾ?" ಅನ್ನುವ ಅಣ್ಣ ಮೊನ್ನೆ ಸಂಜೆ ಬಂದು, ಅವರ ತೋಟದ ಮೇಲಿನ ತುದಿಗೆ ಒಂದು ಮಾಡಿಕೊಡು ಅಂದರು. ಅಲ್ಲಿಗೆ ವೈಫೈ ಮುಟ್ಟದು. 865 ಮೆಗಾಹರ್ಟ್ಸ್‌ನ ಲೋರಾ (ದೂರಕ್ಕೆ ಮುಟ್ಟುವ ಪುಟ್ಟ ರೇಡಿಯೋ) ತರಿಸಿ ನೋಡುತ್ತಿದ್ದೇನೆ. ಮೊದಲ ಆಂಟೆನಾ ವೈರನ್ನು ನಿನ್ನೆ ಅಳಿಲು ಕಡಿದಿದೆ.