ರಜೆಯಲ್ಲಿ ಮಕ್ಕಳ ಕೈಗೆ ನಾಲ್ಕು ದಿನದ ಕೆಲಸ ಕೊಡಿ

ಏಪ್ರಿಲ್ ಎರಡನೇ ವಾರ ಬಂತೆಂದರೆ ಶಾಲೆಗೆ ರಜೆ. ಮೇ ಮುಗಿಯುವತನಕ ಮಕ್ಕಳು ಮನೆಯಲ್ಲೇ. ಬೇಸಿಗೆ ಶಿಬಿರಕ್ಕೆ ಸೇರಿಸೋಣವೆಂದರೆ ಕೆಲವರಿಗೆ ಶುಲ್ಕ ಎಟುಕುವುದಿಲ್ಲ, ಕೆಲವರಿಗೆ ಕರೆದುಕೊಂಡು ಹೋಗಿಬರುವವರಿಲ್ಲ, ಎಷ್ಟೋ ಊರುಗಳಲ್ಲಿ ಶಿಬಿರವೇ ಇಲ್ಲ. ಅಂಥ ತಾಯಂದಿರಿಗೂ ಮೊಮ್ಮಕ್ಕಳನ್ನು ನೋಡಿಕೊಳ್ಳುವ ನನ್ನಂಥ ಅಜ್ಜಿಯರಿಗೂ ಈ ಮಾತು ಹೇಳಬೇಕೆನಿಸಿತು. ಶಿಬಿರದಲ್ಲಿ ಎಲ್ಲವೂ ಮಧ್ಯಾಹ್ನದೊಳಗೆ ಮುಗಿಯಬೇಕು, ಮಗು ಮನೆಗೆ ಹೊರಡುವಾಗ ಕೈಯಲ್ಲಿ ಏನಾದರೊಂದು ಇರಬೇಕು. ಹಾಗಾಗಿ ಒಂದು ಗಂಟೆಯಲ್ಲಿ ಆಗುವಂಥದ್ದನ್ನೇ ಅಲ್ಲಿ ಮಾಡಿಸುತ್ತಾರೆ. ಮನೆಯಲ್ಲಿ ಆ ಅವಸರವಿಲ್ಲ. ರಾತ್ರಿ ನೆನೆಹಾಕಬಹುದು, ಎರಡು ದಿನ ಬಿಸಿಲಿಗೆ ಇಡಬಹುದು, ಉಳಿದದ್ದನ್ನು ನಾಳೆ ಮಾಡಬಹುದು. ಆದ್ದರಿಂದ ಶಿಬಿರದ ಕೆಲಸವನ್ನೇ ಮನೆಯಲ್ಲಿ ನಕಲು ಮಾಡಿಸಬೇಡಿ. ಬೆಳಿಗ್ಗೆ ಎದ್ದ ಕೂಡಲೇ "ಅಜ್ಜಿ, ಒಣಗಿದೆಯಾ?" ಎಂದು ಮಗು ಮಹಡಿಗೆ ಓಡುವಂಥ ಕೆಲಸ ಹಿಡಿಸಿ. ಮೊಬೈಲು ತಾನಾಗಿ ಪಕ್ಕಕ್ಕೆ ಹೋಗುತ್ತದೆ.

ಮೊದಲು ಸಾಮಾನು. ಅಂಗಡಿಯ ಕ್ರಾಫ್ಟ್ ಕಿಟ್ ಬೇಡ, ಅದರಲ್ಲಿ ಎಲ್ಲವೂ ಕತ್ತರಿಸಿಯೇ ಬಂದಿರುತ್ತದೆ, ಮಗುವಿಗೆ ಅಂಟಿಸುವುದಷ್ಟೇ ಉಳಿಯುತ್ತದೆ. ಒಂದು ರಟ್ಟಿನ ಡಬ್ಬ ಇಟ್ಟು ಅದಕ್ಕೆ ಹಳೇ ಲಗ್ನಪತ್ರಿಕೆ, ಕ್ಯಾಲೆಂಡರ್ ಹಾಳೆ, ಖಾಲಿ ಬೆಂಕಿಪೊಟ್ಟಣ, ಹರಿದ ಅಂಗಿಯ ಗುಂಡಿ, ಉಲ್ಲನ್ ದಾರ, ಹುಣಸೆಬೀಜ, ತೆಂಗಿನ ಕರಟ ಹಾಕುತ್ತಾ ಬನ್ನಿ. ಗೋಂದನ್ನೂ ಮನೆಯಲ್ಲೇ ಮಾಡಿಕೊಳ್ಳಿ. ಎರಡು ಚಮಚ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕಾಯಿಸಿ. ಬಿಳುಪು ಹೋಗಿ ಹೊಳಪು ಬಂದಾಗ ಇಳಿಸಿ. ಹಿಂದೆ ಹುಳ ಹಿಡಿಯದಿರಲೆಂದು ಇದಕ್ಕೆ ಮೈಲುತುತ್ತ ಹಾಕುವ ರೂಢಿಯಿತ್ತು. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಖಂಡಿತ ಬೇಡ. ಎರಡು ದಿನಕ್ಕೊಮ್ಮೆ ಹೊಸದಾಗಿ ಕಾಯಿಸಿಕೊಂಡರೆ ಆಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೆಂತ್ಯ-ಕಾಗದದ ಬುಟ್ಟಿ. ಹಳೆಯ ಮನೆಗಳಲ್ಲಿ ಬಿದಿರಿನ ಮೊರ, ಬುಟ್ಟಿಗಳ ಸಂದು ಮುಚ್ಚಲು ಹೆಂಗಸರು ಬಳಿಯುತ್ತಿದ್ದದ್ದು ಇದನ್ನೇ. ನಾಲ್ಕೈದು ದಿನಪತ್ರಿಕೆಗಳನ್ನು ಮಕ್ಕಳಿಂದ ಚೂರುಚೂರಾಗಿ ಹರಿಸಿ. ಮೂರು ವರ್ಷದ ಮಗುವೂ ಈ ಕೆಲಸಕ್ಕೆ ಬರುತ್ತದೆ, ಹರಿಯಲು ಅನುಮತಿ ಸಿಕ್ಕಿದ್ದೇ ಅದಕ್ಕೊಂದು ಹಬ್ಬ. ಬಕೆಟ್ಟಿನಲ್ಲಿ ನೀರು ಹಾಕಿ ಒಂದು ರಾತ್ರಿ, ಸಾಧ್ಯವಾದರೆ ಎರಡು ರಾತ್ರಿ ನೆನೆಯಲಿ. ಬೇರೆ ಬಟ್ಟಲಿನಲ್ಲಿ ಒಂದು ಹಿಡಿ ಮೆಂತ್ಯ ನೆನೆಹಾಕಿ. ಮರುದಿನ ಮೆಂತ್ಯವನ್ನು ನುಣ್ಣಗೆ ರುಬ್ಬಿ. ಅದು ನೊರೆ ಬಂದು ಲೋಳೆಯಾಗುತ್ತದೆ, ಆ ಲೋಳೆಯೇ ಅಂಟು. ಕಾಗದವನ್ನು ಹಿಂಡಿ, ಮೆಂತ್ಯದ ಜೊತೆ ಸೇರಿಸಿ ಕೈಯಲ್ಲಿ ಚೆನ್ನಾಗಿ ನಾದಬೇಕು. ಈ ನಾದುವ ಕೆಲಸ ದೊಡ್ಡ ಮಕ್ಕಳಿಗೆ ಕೊಡಿ. ಕಾಗದದ ಅಕ್ಷರ ಒಂದೂ ಕಾಣದೆ ಬೂದುಬಣ್ಣದ ಮುದ್ದೆಯಾಗುವತನಕ ಬಿಡಬೇಡಿ. ಒರಟಾಗಿ ಉಳಿದರೆ ಬುಟ್ಟಿ ಒಣಗಿದ ಮೇಲೆ ಬಿರುಕು ಬಿಡುತ್ತದೆ.

ಒಂದು ಸ್ಟೀಲ್ ಬಟ್ಟಲನ್ನು ಬೋರಲು ಹಾಕಿ ಹೊರಮೈಗೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ. ಅದರ ಮೇಲೆ ಮುದ್ದೆಯನ್ನು ಚಪಾತಿಗಿಂತ ಸ್ವಲ್ಪ ದಪ್ಪಗೆ, ಎಲ್ಲ ಕಡೆ ಒಂದೇ ಸಮನಾಗಿ ತಟ್ಟಿಸಿ. ತಳ ದಪ್ಪ, ಅಂಚು ತೆಳು ಮಾಡುವುದು ಮಕ್ಕಳ ಅಭ್ಯಾಸ. ಬೆರಳಿನಿಂದ ಮುಟ್ಟಿ ತೋರಿಸಿ, ಅವರೇ ಸರಿಮಾಡಿಕೊಳ್ಳಲಿ. ಮೊದಲ ದಿನ ನೆರಳಿನಲ್ಲಿಡಿ, ಆಮೇಲೆ ಎರಡು ಮೂರು ದಿನ ಬಿಸಿಲು. ಬಟ್ಟಲಿನಿಂದ ತೆಗೆದು ಒಳಮೈಯನ್ನೂ ಒಂದು ದಿನ ಒಣಗಿಸಿ. ಬೆರಳಿನಿಂದ ತಟ್ಟಿದರೆ ಟಕ್ ಟಕ್ ಎನ್ನಬೇಕು. ಹೊರಗೆ ಬಣ್ಣವನ್ನೋ ಕ್ಯಾಲೆಂಡರ್ ಚಿತ್ರವನ್ನೋ ಅಂಟಿಸಲಿ. ಬೆಳ್ಳುಳ್ಳಿ, ಈರುಳ್ಳಿ, ಹೂವಿನ ದಾರ, ಪೆನ್ಸಿಲ್ ಇಡಲು ಚೆನ್ನಾಗಿ ಬರುತ್ತದೆ. ಒದ್ದೆ ಪದಾರ್ಥ, ಸಿಪ್ಪೆ ತೆಗೆಯದೆ ಹಾಗೇ ತಿನ್ನುವ ಪದಾರ್ಥ ಮಾತ್ರ ಬೇಡ, ಅಚ್ಚಿನ ಮಸಿ ಇರುತ್ತದಲ್ಲ. ಮಗು ಮಾಡಿದ ಬುಟ್ಟಿಯನ್ನು ಷೋಕೇಸಿನಲ್ಲಿಡದೆ ಅಡುಗೆಮನೆಯಲ್ಲೇ ಬಳಸಿ. ತಾನು ಮಾಡಿದ್ದರಲ್ಲಿ ಅಮ್ಮ ಬೆಳ್ಳುಳ್ಳಿ ಇಡುತ್ತಾಳೆ ಎಂಬುದಕ್ಕಿಂತ ದೊಡ್ಡ ಬಹುಮಾನ ಯಾವ ಶಿಬಿರದಲ್ಲೂ ಸಿಗುವುದಿಲ್ಲ. ಡಬ್ಬದಲ್ಲಿ ಉಳಿದ ಮೆಂತ್ಯವನ್ನು ಹಳೇ ತಟ್ಟೆಯ ಮಣ್ಣಿಗೆ ಉದುರಿಸಿ ನೀರು ಚಿಮುಕಿಸಲಿ. ಮೂರು ನಾಲ್ಕು ದಿನಕ್ಕೆ ಮೊಳಕೆ ಮೇಲೆ ಬರುತ್ತದೆ.

ಬಣ್ಣಕ್ಕೂ ಅಂಗಡಿಗೆ ಓಡಬೇಕಾಗಿಲ್ಲ. ಬಿಳಿ ಹಾಳೆಗೆ ಗಟ್ಟಿ ಅರಿಶಿನದ ನೀರು ಬಳಿದು ನೆರಳಿನಲ್ಲಿ ಒಣಗಿಸಿ. ಅರಿಶಿನದ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ. ಒಣಗಿದ ಹಾಳೆಯ ಮೇಲೆ ಸೋಪಿನ ನೀರಿನಲ್ಲೋ ಅಡುಗೆ ಸೋಡಾ ಕದಡಿದ ನೀರಿನಲ್ಲೋ ಕಡ್ಡಿ ಅದ್ದಿ ಬರೆದರೆ ಗೆರೆ ಕೆಂಪಾಗಿ ಮೂಡುತ್ತದೆ. ಅದರ ಮೇಲೆ ನಿಂಬೆರಸ ಹಚ್ಚಿದರೆ ಮತ್ತೆ ಹಳದಿ. ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪು ನೀರು ಮಾಡುವುದೂ ಇದೇ ಗುಣದಿಂದ: ಕ್ಷಾರ ತಗುಲಿದರೆ ಕೆಂಪು, ಹುಳಿ ತಗುಲಿದರೆ ಹಳದಿ. ಆದರೆ ಎಲೆಯಡಿಕೆ ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ಮಕ್ಕಳ ಕೈಗೆ ಕೊಡಬೇಡಿ, ಸೋಡಾ ಸಾಕು. ಬೇಲಿಯಲ್ಲಿ ನೀಲಿ ಶಂಖಪುಷ್ಪ ಇದ್ದರೆ ಇನ್ನೂ ಚೆನ್ನ. ಹೂವನ್ನು ಬಿಸಿನೀರಿಗೆ ಹಾಕಿದರೆ ನೀಲಿ ಬಣ್ಣ ಬಿಡುತ್ತದೆ, ನಿಂಬೆರಸ ಬಿದ್ದೊಡನೆ ನೇರಳೆಯಾಗುತ್ತದೆ. ಯಾಕೆ ಹೀಗಾಯಿತು ಎಂದು ಮಗು ಕೇಳುವ ಮೊದಲೇ ಹೇಳಿಬಿಡಬೇಡಿ. ಹುಣಸೆ ನೀರು, ಮಜ್ಜಿಗೆ, ಹಾಲು, ಬೂದಿ ನೀರು ಎಲ್ಲವನ್ನೂ ಹಾಕಿ ನೋಡಲಿ.

ನಮ್ಮ ನಾಡಿನ ಬೇಸಿಗೆ ರಜೆಗೆ ಹೇಳಿ ಮಾಡಿಸಿದ ಮತ್ತೊಂದು ಕೆಲಸ ನೆರಳು ಅಳೆಯುವುದು. ಮಹಡಿಯ ಮೇಲೋ ಅಂಗಳದಲ್ಲೋ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ. ದಿನವೂ ಮಧ್ಯಾಹ್ನ ಹನ್ನೆರಡೂಕಾಲರ ಸುಮಾರಿಗೆ ಕೋಲಿನ ನೆರಳು ಮುಗಿಯುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ತಾರೀಕು ಬರೆಯಲಿ. ನೆರಳು ದಿನದಿಂದ ದಿನಕ್ಕೆ ಕುಗ್ಗುತ್ತಾ ಬಂದು ಬೆಂಗಳೂರಿನಲ್ಲಿ ಏಪ್ರಿಲ್ 24-25ರ ಹೊತ್ತಿಗೆ ಕೋಲಿನ ಬುಡದಲ್ಲೇ ಅಡಗಿಬಿಡುತ್ತದೆ. ಮೈಸೂರಿನಲ್ಲಿ ಏಪ್ರಿಲ್ 22ರ ಆಸುಪಾಸು, ಹುಬ್ಬಳ್ಳಿ-ಧಾರವಾಡದಲ್ಲಿ ಮೇ 2-3ರ ಆಸುಪಾಸು, ಕಲಬುರಗಿಯಲ್ಲಿ ಮೇ 9ರ ಆಸುಪಾಸು. ಸೂರ್ಯ ಆ ದಿನ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ದಿಲ್ಲಿಯಲ್ಲಿ ಇದು ವರ್ಷದ ಯಾವ ದಿನವೂ ಆಗುವುದಿಲ್ಲ, ಅದು ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆಗಿದೆ. ಬೇರೆ ಊರಿನ ಚಿಕ್ಕಪ್ಪನ ಮಕ್ಕಳಿಗೆ ಫೋನು ಮಾಡಿ "ನಿಮ್ಮಲ್ಲಿ ಇವತ್ತು ಎಷ್ಟು?" ಎಂದು ಕೇಳಿ ಹೋಲಿಸಿಕೊಳ್ಳಲಿ. ಟೋಪಿ ಹಾಕಿಸಿ, ಐದೇ ನಿಮಿಷದಲ್ಲಿ ಒಳಗೆ ಕರೆಯಿರಿ, ಸೂರ್ಯನನ್ನು ನೇರವಾಗಿ ನೋಡಬಾರದೆಂದು ಮೊದಲೇ ಹೇಳಿಡಿ.

ಸಂಡಿಗೆ, ಹಪ್ಪಳ ಮಾಡುವ ಮನೆಯಾದರೆ ಮಕ್ಕಳನ್ನು ದೂರ ಇಡಬೇಡಿ. ಬಿಸಿ ಹಿಟ್ಟಿನ ಪಾತ್ರೆ ನಿಮ್ಮ ಬಳಿ ಇರಲಿ. ಆರಿದ ಹಿಟ್ಟನ್ನು ಚಮಚದಲ್ಲಿ ಹಾಳೆಯ ಮೇಲೆ ಇಡುವುದು, ಸಂಜೆ ಒಂದೊಂದನ್ನೇ ತಿರುವಿ ಹಾಕುವುದು, ಕಾಗೆ ಕಾಯುವುದು ಅವರ ಕೆಲಸ. ಆಕಾರ ಕೆಟ್ಟರೂ ಪರವಾಗಿಲ್ಲ, ಎಣ್ಣೆಗೆ ಬಿದ್ದ ಮೇಲೆ ಎಲ್ಲವೂ ಅರಳುತ್ತದೆ. ಮಗು ಇಟ್ಟ ಸಂಡಿಗೆಯನ್ನು ಬೇರೆ ಡಬ್ಬದಲ್ಲಿ ಹಾಕಿ ಹೆಸರು ಬರೆದಿಡಿ.

ಬಿಸಿಲಿನ ಹೊತ್ತು, ಅಂದರೆ ಹನ್ನೊಂದರಿಂದ ನಾಲ್ಕರತನಕ, ಒಳಗಿನ ಆಟಕ್ಕೆ ಚೌಕಾಬಾರ. ದಾಳವನ್ನೂ ಅವರೇ ಮಾಡಿಕೊಳ್ಳಲಿ. ನಾಲ್ಕು ಹುಣಸೆಬೀಜಗಳ ಒಂದೊಂದು ಬದಿಯನ್ನು ಒರಟು ಕಲ್ಲಿಗೆ ಉಜ್ಜಬೇಕು. ಕಂದು ಸಿಪ್ಪೆ ಸವೆದು ಬಿಳಿ ತಿರುಳು ಕಾಣುವಷ್ಟು ಹೊತ್ತಿಗೆ ಅರ್ಧ ಮಧ್ಯಾಹ್ನ ಕಳೆದಿರುತ್ತದೆ. ಬೀಜ ಬಿಸಿಯಾಗಿ ಬೆರಳು ಚುರ್ ಎಂದಾಗ ಕೈ ಬದಲಿಸುವುದನ್ನು ಹೇಳಿಕೊಡಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು ಮನೆ ಬರೆದು, ನಾಲ್ಕು ಬದಿಯ ನಡುವಿನ ಮನೆಗೂ ಮಧ್ಯದ ಮನೆಗೂ ಅಡ್ಡಗೀಟು ಹಾಕಿ. ಬಿಳಿ ಬದಿ ಎಷ್ಟು ಮೇಲೆ ಬಿತ್ತೋ ಅಷ್ಟು ಮನೆ ನಡೆಯುವುದು. ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ ನಾಲ್ಕು. ಒಂದೂ ಬಿಳಿ ಬೀಳದಿದ್ದರೆ ಬಾರ, ಅಂದರೆ ಎಂಟು. ಇವೆರಡು ಬಿದ್ದವರಿಗೆ ಇನ್ನೊಂದು ಸಲ ಹಾಕುವ ಅವಕಾಶ. ಎದುರಿನವರ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮ ಇಟ್ಟರೆ ಆಟ ಕಾವೇರುತ್ತದೆ. ಕಾಯಿಗೆ ಗುಂಡಿ, ಕಡಲೆ ಯಾವುದಾದರೂ ಆಗುತ್ತದೆ. ಒಡೆದ ಗಾಜಿನ ಬಳೆ ಬೇಡ, ಚಿಕ್ಕವರ ಕಾಲಿಗೆ ಚುಚ್ಚುತ್ತದೆ.

ತೆಂಗಿನ ಗರಿ ಸಿಕ್ಕರೆ ಪೀಪಿ, ಕೈಗಡಿಯಾರ, ಗಿರಗಿಟ್ಟಲೆ ಮಾಡುವುದು ಮನೆಯ ತಾತನಿಗೇ ಬರುತ್ತದೆ, ಅವರನ್ನೇ ಕೂರಿಸಿ. ಪಟ್ಟಣದವರು ಎಳನೀರಿನವರನ್ನು ಕೇಳಿದರೆ ನಾಲ್ಕು ಗರಿ ಕೊಟ್ಟೇ ಕೊಡುತ್ತಾರೆ.

ಯಾವ ಕೆಲಸ ಯಾವಾಗ ಎಂಬುದನ್ನು ಮಾತ್ರ ಮೊದಲೇ ಯೋಚಿಸಿಕೊಳ್ಳಿ. ಒಣಗಿಸುವ ಕೆಲಸವನ್ನೆಲ್ಲ ಏಪ್ರಿಲ್‌ನಲ್ಲೇ ಹಿಡಿಯಬೇಕು. ಮೇ ನಡುವಿನ ಹೊತ್ತಿಗೆ ಸಂಜೆ ಗುಡುಗು ಮಳೆ ಶುರುವಾದರೆ ಬುಟ್ಟಿ ಬೂಸ್ಟು ಹಿಡಿಯುತ್ತದೆ, ಸಂಡಿಗೆ ಮೆತ್ತಗಾಗುತ್ತದೆ. ಮೇ ಕೊನೆಯ ದಿನಗಳಿಗೆ ಚೌಕಾಬಾರ, ಅಳಗುಳಿಮಣೆ, ಪುಸ್ತಕ ಇಟ್ಟುಕೊಳ್ಳಿ. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಮಕ್ಕಳನ್ನು ಕಳಿಸಿ. 2020ರಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಿಂದ ಶಾಲಾ ಮಕ್ಕಳಿಗೆ ಅಲ್ಲಿ ಉಚಿತವಾಗಿ ಸದಸ್ಯತ್ವ ಸಿಗುತ್ತದೆ. ಮನೆಗೆ ತಂದ ಪುಸ್ತಕವನ್ನು ರಾತ್ರಿ ಊಟವಾದ ಮೇಲೆ ಮಗುವೇ ಗಟ್ಟಿಯಾಗಿ ಓದಲಿ, ನೀವು ಸೊಪ್ಪು ಬಿಡಿಸುತ್ತಾ ಕೇಳಿಸಿಕೊಳ್ಳಿ. ಒಂದೇ ದಿನ ಮುಗಿಸಬೇಡಿ, ಒಳ್ಳೆಯ ಕಡೆ ನಿಲ್ಲಿಸಿ ಉಳಿದದ್ದು ನಾಳೆ ಎನ್ನಿ.