ಕಣ್ಣು, ಮೂಗು ಬಿಟ್ಟ ಮೇಲೆ ಜನ ಓಡಾಡಿದರು

"ಮುಖವೇ ಇಲ್ವಲ್ಲ, ಇದನ್ನ ಯಾರ್ರೀ ತಗೋತಾರೆ?" ಅಂತ ನನ್ನ ಜಲವರ್ಣದ ಜನರನ್ನು ನೋಡಿ ನಮ್ಮ ಭಾನುವಾರದ ಚಿತ್ರ ಬರೆಯೋ ಗುಂಪಿನವರೇ ನಕ್ಕಿದ್ದರು. ಹೋದ ಜನವರಿಯ ಬೆಂಗಳೂರಿನ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆ ಬದಿಯಲ್ಲಿ ಕೂತು ಹನ್ನೊಂದೋ ಹನ್ನೆರಡೋ ಮಾರಿ ಬಂದೆ. ಒಂದಕ್ಕೆ 1,200 ರೂಪಾಯಿ. ಫ್ರೇಮ್ ಹಾಕಿಸಲಿಲ್ಲ, ಬರೀ ಮೌಂಟ್, ಅಂದರೆ ಸುತ್ತ ದಪ್ಪ ರಟ್ಟಿನ ಅಂಚು. ಅಲ್ಲೇ ಲಾಭ ಉಳಿಯೋದು.

ಮೊದಲ ಎರಡು ವರ್ಷ ಸುಮ್ನೆ ದಂಡ. ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಕೂತು ಕಣ್ಣು, ಮೂಗು, ಬೆರಳು ಎಲ್ಲ ಪೆನ್ಸಿಲ್‌ನಲ್ಲಿ ನೀಟಾಗಿ ಬರೆದು ಬಣ್ಣ ತುಂಬುತ್ತಿದ್ದೆ. ಎಲ್ಲರೂ ದಸರಾ ಬೊಂಬೆ ಥರ ನಿಂತಿರುತ್ತಿದ್ದರು. ಅಗ್ಗದ ಪೇಪರ್ ತಂದೆ, ಎರಡನೇ ವಾಶ್‌ಗೇ, ಅಂದರೆ ತೆಳು ಬಣ್ಣದ ಎರಡನೇ ಪದರಕ್ಕೇ, ನಾರು ಎದ್ದಿತು. 300 ಜಿಎಸ್‌ಎಂನ ದಪ್ಪ ಕಾಟನ್ ಪೇಪರ್ ತಂದು ಮಳೆಗಾಲದಲ್ಲಿ ಮಂಚದ ಕೆಳಗಿಟ್ಟೆ. ನೀರು ಬೇಗ ಹೀರದಂತೆ ಪೇಪರ್‌ಗೆ ಕೊಟ್ಟಿರೋ ಅಂಟು, ಸೈಜಿಂಗ್, ಹೋಗಿ ಅಲ್ಲಲ್ಲಿ ಬಣ್ಣ ಕುಡಿಯತೊಡಗಿತು. ಏಳೆಂಟು ಸಾವಿರ ಹೋಗಿರಬೇಕು. ಮನೆಯಲ್ಲಿ ಹೇಳಿದ್ದು ಮೂರು.

ದಾರಿ ತೋರಿಸಿದ್ದು ಒಬ್ಬ ಹೂವಿನಮ್ಮ. ಎರಡೂ ತೋಳು ಚಾಚಿ ಸೇವಂತಿಗೆ ಮಾರು ಅಳೆಯುತ್ತಿದ್ದರು. ಒಂದು ಭುಜ ಮೇಲೆ, ಇನ್ನೊಂದು ಕೆಳಗೆ, ಕುತ್ತಿಗೆ ಸ್ವಲ್ಪ ಓರೆ. ಮುಖ ನೆರಳಿನಲ್ಲಿ ಮುಳುಗಿತ್ತು. ಆದರೂ ಅಳೆಯುತ್ತಿದ್ದಾರೆ ಅಂತ ಇಪ್ಪತ್ತು ಅಡಿ ದೂರಕ್ಕೇ ಗೊತ್ತಾಗುತ್ತಿತ್ತು, ಅಲ್ವಾ?

ಈಗ 10ನೇ ನಂಬರ್ ರೌಂಡ್ ಬ್ರಶ್ ಎತ್ತದೆ ತಲೆ, ಕುತ್ತಿಗೆ, ಸೀರೆ, ನೆಲದ ನೆರಳು ಎಲ್ಲ ಒಂದೇ ಓಟಕ್ಕೆ. ಮೈಗೆ ಹಾಕಿದ ಕೆಂಗಂದು ಬರ್ಂಟ್ ಸಿಯೆನ್ನಾ ಒದ್ದೆ ಇರುವಾಗಲೇ ಸೀರೆಯ ಬಣ್ಣ ಮುಟ್ಟಿಸುತ್ತೇನೆ, ಒಂದರೊಳಗೊಂದು ಹರಿಯಲಿ ಅಂತ. ಬಿಸಿಲು ಬಿದ್ದ ಭುಜಕ್ಕೆ ಬಿಳಿ ಪೇಪರೇ ಸಾಕು. ತಲೆ ಚಿಕ್ಕದಿರಲಿ, ದೊಡ್ಡದಾದರೆ ದೊಡ್ಡವರೂ ಮಕ್ಕಳಾಗಿಬಿಡುತ್ತಾರೆ. ಪಾದ ಬರೆಯೋಕೆ ಹೋಗಬೇಡಿ. ನೆರಳಿಗೆ ಅಲ್ಟ್ರಾಮರೀನ್ ನೀಲಿ ಜೊತೆ ಇನ್ನೊಂದು ಬಣ್ಣ ಸೇರಿಸುತ್ತೇನೆ. ಯಾವುದು ಅಂತ ಹೇಳಲ್ಲ.

ನಡುವೆ ಕಾಫಿ ಡಿಕಾಕ್ಷನ್‌ನಲ್ಲೂ ಬರೆದು ನೋಡಿದೆ. ಮೈಬಣ್ಣ ಸೊಗಸಾಗಿ ಬಂತು. ಕಿಟಕಿ ಪಕ್ಕ ತೂಗುಹಾಕಿದ್ದು ಕೆಲವೇ ತಿಂಗಳಲ್ಲಿ ಮಂಕಾಯಿತು. ಮಾರದೇ ಇದ್ದದ್ದು ಒಳ್ಳೆಯದಾಯಿತು.

ಇವತ್ತಿಗೂ ಹತ್ತು ಬರೆದರೆ ನಾಲ್ಕು ಕೈಕೊಡುತ್ತವೆ. ನಕ್ಕವರಲ್ಲೊಬ್ಬರು ಮೊನ್ನೆ ಫೋನ್ ಮಾಡಿ ಆ ನೆರಳಿನ ಬಣ್ಣ ಕೇಳಿದರು. "ಬೆಳಿಗ್ಗೆ ಏಳಕ್ಕೆ ಮಾರ್ಕೆಟ್‌ಗೆ ಬನ್ನಿ, ಮೊದಲು ಭುಜ ನೋಡೋಣ" ಅಂದೆ.