ಗರ್ಭಕಂಠದ ಕ್ಯಾನ್ಸರ್ ಮರುಕಳಿಸಿದಾಗ: ಇಂಗ್ಲೆಂಡಿನಲ್ಲಿರುವ ಕನ್ನಡತಿಯರಿಗೆ

ವಿಕಿರಣ ಚಿಕಿತ್ಸೆ ಮುಗಿದ ಮೇಲೆ ಗರ್ಭಕಂಠದ ಕ್ಯಾನ್ಸರ್ ಮರುಕಳಿಸಿದರೆ, ಅದೇ ಜಾಗಕ್ಕೆ ಮತ್ತೆ ಪೂರ್ಣ ಪ್ರಮಾಣದ ವಿಕಿರಣ ಕೊಡಲು ಸಾಮಾನ್ಯವಾಗಿ ಆಗುವುದಿಲ್ಲ. ರೋಗ ಕಿಬ್ಬೊಟ್ಟೆಯ ನಡುಭಾಗ ಬಿಟ್ಟು ಹರಡದಿದ್ದರೆ, ಗುಣವಾಗುವ ಆಸೆಯಿಂದ ಮಾಡುವ ಶಸ್ತ್ರಚಿಕಿತ್ಸೆಯೊಂದಿದೆ: ಪೆಲ್ವಿಕ್ ಎಕ್ಸೆಂಟರೇಷನ್. ಗರ್ಭಕೋಶ, ಯೋನಿಯ ಜೊತೆಗೆ ಮೂತ್ರಕೋಶವನ್ನೋ ಗುದನಾಳವನ್ನೋ, ಕೆಲವೊಮ್ಮೆ ಎರಡನ್ನೂ ತೆಗೆಯುತ್ತಾರೆ. 1948ರಲ್ಲಿ ನ್ಯೂಯಾರ್ಕಿನ ಅಲೆಕ್ಸಾಂಡರ್ ಬ್ರನ್ಶ್ವಿಗ್ ಇದನ್ನು ವರದಿ ಮಾಡಿದಾಗ ಇದು ನರಳಾಟ ತಗ್ಗಿಸುವ ಕೊನೆಯ ಯತ್ನವಾಗಿತ್ತು. ಇಂದು ಗೆಡ್ಡೆಯನ್ನು ಅಂಚಿನಲ್ಲೂ ಉಳಿಯದಂತೆ ತೆಗೆಯಲು ಸಾಧ್ಯವಾದವರಲ್ಲಿ ಸುಮಾರು ಅರ್ಧದಷ್ಟು ಮಂದಿ 5 ವರ್ಷ ದಾಟುತ್ತಾರೆ.

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಈ ಶಸ್ತ್ರಚಿಕಿತ್ಸೆ ಎಲ್ಲ ಆಸ್ಪತ್ರೆಗಳಲ್ಲಿ ಇಲ್ಲ. ದೊಡ್ಡ ಕ್ಯಾನ್ಸರ್ ಕೇಂದ್ರಗಳಲ್ಲಿ ಮಾತ್ರ. ರಕ್ತಸ್ರಾವ, ಕಾಲುನೋವು, ಕಾಲುಬಾವು ಮತ್ತೆ ಕಾಣಿಸಿದರೆ ಜಿಪಿ (ಸ್ಥಳೀಯ ಕುಟುಂಬ ವೈದ್ಯರು) ಅಪಾಯಿಂಟ್‌ಮೆಂಟಿಗಾಗಿ ಕಾಯಬೇಡಿ. ಮೊದಲ ಚಿಕಿತ್ಸೆಯ ವೇಳೆ ನಿಮಗೆ ಗೊತ್ತುಮಾಡಿದ ಕ್ಯಾನ್ಸರ್ ನರ್ಸ್‌ಗೆ ನೇರವಾಗಿ ಫೋನ್ ಮಾಡಿ. ಇಡೀ ವ್ಯವಸ್ಥೆಯಲ್ಲಿ ಬಾಗಿಲು ತೆರೆಸುವವರು ಅವರೇ. ಎಂಆರ್‌ಐ, ಪೆಟ್ ಸ್ಕ್ಯಾನ್ ಮತ್ತು ಬಯಾಪ್ಸಿ ಆದ ಬಳಿಕ ವೈದ್ಯರ ತಂಡ ಸಭೆ ಸೇರಿ ಚರ್ಚಿಸುತ್ತದೆ. ಆ ಸಭೆಗೆ ನಿಮ್ಮನ್ನು ಕರೆಯುವುದಿಲ್ಲ. ಆದ್ದರಿಂದ ನಿಮ್ಮ ಇಚ್ಛೆಯನ್ನು ನರ್ಸ್‌ಗೆ ಮೊದಲೇ ಹೇಳಿಟ್ಟಿರಿ. "ನನಗೆ ಎಕ್ಸೆಂಟರೇಷನ್ ಸಾಧ್ಯವೇ? ಇಲ್ಲವಾದರೆ ಏಕೆ?" ಎಂದು ನೇರವಾಗಿ ಕೇಳಿ. ಎರಡನೆಯ ಅಭಿಪ್ರಾಯ ಕಾನೂನಿನ ಹಕ್ಕಲ್ಲ, ಆದರೆ ಕೇಳಿದರೆ ನಿರಾಕರಿಸುವುದು ಅಪರೂಪ. ವೈದ್ಯರು ಬೇಸರಪಟ್ಟುಕೊಳ್ಳುತ್ತಾರೆಂದು ಸುಮ್ಮನಾಗಬೇಡಿ.

ನಮ್ಮ ಊರುಗಳಲ್ಲಿ ಕೆಟ್ಟ ಸುದ್ದಿಯನ್ನು ಮೊದಲು ಗಂಡನಿಗೋ ಅಣ್ಣನಿಗೋ ಹೇಳುವುದುಂಟು. ಇಲ್ಲಿ ರೋಗಿಗೇ ಹೇಳುತ್ತಾರೆ, ಒಪ್ಪಿಗೆಯೂ ಆಕೆಯದೇ. ಇಂಗ್ಲಿಷ್ ಕಷ್ಟವಾದರೆ ಕನ್ನಡ ದುಭಾಷಿಯನ್ನು ಮೊದಲೇ ಕೇಳಿ, ಅದಕ್ಕೆ ಶುಲ್ಕವಿಲ್ಲ. ಗಂಡನೇ ಅನುವಾದಿಸುವುದಕ್ಕಿಂತ ಅದು ಎಷ್ಟೋ ಮೇಲು. ಮನೆಯವರ ಮುಂದೆ ಕೇಳಲಾಗದ ಪ್ರಶ್ನೆಗಳು ಈ ಕಾಯಿಲೆಯಲ್ಲಿ ಬಹಳ.

ಮೂತ್ರಕೋಶ ಅಥವಾ ಗುದನಾಳ ತೆಗೆದಾಗ ಮೂತ್ರ, ಮಲ ಹೊರಬರಲು ಹೊಟ್ಟೆಯ ಮೇಲೆ ಮಾಡುವ ತೂತೇ ಸ್ಟೋಮಾ, ಅದರ ಮೇಲೆ ಚೀಲ ಅಂಟಿಸುತ್ತಾರೆ. ಶಸ್ತ್ರಚಿಕಿತ್ಸೆಗೆ ಮುನ್ನ ಸ್ಟೋಮಾ ನರ್ಸ್ ಹೊಟ್ಟೆಯ ಮೇಲೆ ಪೆನ್ನಿನಿಂದ ಗುರುತು ಹಾಕುತ್ತಾರೆ. ಎರಡೂ ಅಂಗ ತೆಗೆಯುವುದಾದರೆ ಸಾಮಾನ್ಯವಾಗಿ ಮೂತ್ರದ ಚೀಲಕ್ಕೆ ಬಲಗಡೆ, ಮಲದ ಚೀಲಕ್ಕೆ ಎಡಗಡೆ. ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡುತ್ತಾರೆ. ಅವರಿಗೆ ಸೀರೆಯ ಪರಿಚಯ ಇರುವುದು ಕಡಿಮೆ. ನೀವು ಸೀರೆ ಉಡುವವರಾದರೆ ಅಂದು ಲಂಗ ಕಟ್ಟಿಕೊಂಡೇ ಹೋಗಿ, ಲಾಡಿ ಬಿಗಿಯುವ ಜಾಗ ಎಲ್ಲಿ, ನೆರಿಗೆ ಸಿಕ್ಕಿಸುವುದು ಎಲ್ಲಿ ಎಂದು ತೋರಿಸಿ. ಲಾಡಿಯ ಅಡಿಯಲ್ಲಿ ಸ್ಟೋಮಾ ಬಂದರೆ ದಿನವೂ ಚೀಲ ಸೋರುವ ಕಾಟ.

ಚಿಕ್ಕ ವಯಸ್ಸಿನವರು ಇನ್ನೂ ಎರಡು ವಿಷಯ ಎತ್ತಲೇಬೇಕು. ವಿಕಿರಣದಿಂದ ಅಂಡಾಶಯಗಳು ಕೆಲಸ ನಿಲ್ಲಿಸಿದ್ದರೆ ಮೂಳೆ ಮತ್ತು ಹೃದಯದ ರಕ್ಷಣೆಗೆ ಹಾರ್ಮೋನ್ ಚಿಕಿತ್ಸೆ ಬೇಕಾಗಬಹುದು. ಸ್ವಾಭಾವಿಕ ಮುಟ್ಟುನಿಲ್ಲುವ ವಯಸ್ಸಿನವರೆಗೆ ಅದನ್ನು ಮುಂದುವರಿಸುವುದು ರೂಢಿ. ಇನ್ನೊಂದು, ದೇಹದ ಬೇರೆಡೆಯ ಸ್ನಾಯು, ಚರ್ಮದಿಂದ ಯೋನಿಯನ್ನು ಮರುರಚಿಸುವ ಸಾಧ್ಯತೆ. ಅದನ್ನು ಅದೇ ಶಸ್ತ್ರಚಿಕಿತ್ಸೆಯಲ್ಲಿ ಮಾಡಬಹುದಾದ್ದರಿಂದ ಮೊದಲೇ ಕೇಳಬೇಕು. ದಾಂಪತ್ಯದ ಮಾತು ಆಡಲು ನಾಚಿಕೆ ಸಹಜ, ಆದರೆ ಕೇಳುವುದು ನಿಮ್ಮ ಹಕ್ಕು.

ಹಣದ ವಿಚಾರ. ವೀಸಾ ಜೊತೆ ಆರೋಗ್ಯ ಶುಲ್ಕ ಕಟ್ಟಿದವರಿಗೆ ಈ ಶಸ್ತ್ರಚಿಕಿತ್ಸೆಗೆ ಪ್ರತ್ಯೇಕ ಬಿಲ್ ಬರುವುದಿಲ್ಲ. ಕ್ಯಾನ್ಸರ್ ರೋಗಿಗಳಿಗೆ ಔಷಧ ಚೀಟಿಯ ಶುಲ್ಕವೂ ಇಲ್ಲ. ಆ ವಿನಾಯಿತಿಗಾಗಿ ಎಫ್‌ಪಿ92ಎ ಅರ್ಜಿಯನ್ನು ಜಿಪಿ ಬಳಿ ಕೇಳಿ. ಕೆಲಸದ ವೀಸಾದಲ್ಲಿರುವವರು ಅನಾರೋಗ್ಯದ ರಜೆಯಿಂದ ವೀಸಾ ಹೋಗುತ್ತದೆಂದು ಹೆದರುತ್ತಾರೆ. ಸಂಬಳವಿಲ್ಲದ ರಜೆ 4 ವಾರ ಮೀರಬಾರದೆಂಬ ನಿಯಮಕ್ಕೆ ಅನಾರೋಗ್ಯದ ರಜೆ ಹೊರತು. 2010ರ ಸಮಾನತೆ ಕಾಯ್ದೆಯಡಿ ಕ್ಯಾನ್ಸರ್ ಪತ್ತೆಯಾದ ದಿನದಿಂದಲೇ ತಾರತಮ್ಯದ ವಿರುದ್ಧ ರಕ್ಷಣೆಯೂ ಇದೆ. ಆರೈಕೆಗೆಂದು ಊರಿನಿಂದ ಅಮ್ಮ ಪ್ರವಾಸಿ ವೀಸಾದಲ್ಲಿ ಬರುವುದಾದರೆ ಆಕೆಗೆ ಪ್ರಯಾಣ ವಿಮೆ ಮಾಡಿಸಿಯೇ ಕರೆಸಿಕೊಳ್ಳಿ. ಆಕೆ ಆಸ್ಪತ್ರೆ ಸೇರಿದರೆ ಪ್ರವಾಸಿಗರಿಗೆ ಹಾಕುವ ಶುಲ್ಕ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು.